ಬೆರಳ ತುದಿಯ ಗುಟ್ಟು

2024ರ ಏಪ್ರಿಲ್ 26ರಂದು ಮತ ಹಾಕಿ ಬಂದ ಅಮ್ಮ ಹುಣಸೆಹಣ್ಣು ಹಚ್ಚಿ ಪೂಜೆಯ ಪಾತ್ರೆ ತಿಕ್ಕಲು ಕೂತರು. ಹಿತ್ತಾಳೆ ಚೊಂಬು ಫಳಫಳ ಹೊಳೆಯಿತು. ಎಡಗೈ ತೋರುಬೆರಳಿನ ಗೆರೆ ಮಾತ್ರ ಬೆಳಿಗ್ಗೆಗಿಂತ ಕಪ್ಪಾಯಿತು. ಬೂತಿನಲ್ಲಿ ಹಚ್ಚಿದಾಗ ನೇರಳೆ ಬಣ್ಣವಿತ್ತು, ಬಿಸಿಲಲ್ಲಿ ಮನೆ ಸೇರುವಷ್ಟರಲ್ಲಿ ಬಣ್ಣ ತಿರುಗಿತ್ತು. ಆ ಶಾಯಿ ಬರುವುದು ನಮ್ಮ ಮೈಸೂರಿನ ಬನ್ನಿಮಂಟಪದ ಕಡೆ ಇರುವ ಹಳೆಯ ಕಾರ್ಖಾನೆಯೊಂದರಿಂದ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅದು ಶುರುವಾದಾಗ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಕಾಡಿನಿಂದ ಬಂದ ಅರಗಿನಿಂದ ಬಣ್ಣ, ವಾರ್ನಿಷ್, ಮುದ್ರೆ ಒತ್ತುವ ಅರಗು ತಯಾರಾಗುತ್ತಿತ್ತು. 1947ರಲ್ಲಿ ಸರ್ಕಾರದ ಕಂಪನಿಯಾಯಿತು. 1989ರಿಂದ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್.

ಶಾಯಿಯ ಸೂತ್ರ ಹುಟ್ಟಿದ್ದು ಮಾತ್ರ ಇಲ್ಲಲ್ಲ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಪ್ರಯೋಗಾಲಯದ ವಿಜ್ಞಾನಿಗೆ ಬುಡ್ಡಿ ತುಂಬಿಸಿ ಮಾರುವ ಕೆಲಸ ಬಾರದು. ಕಾರ್ಖಾನೆಗೆ ಸಂಶೋಧನೆಯ ಖರ್ಚು ಹೊರಲಾಗದು. ಇಬ್ಬರ ನಡುವೆ ಸೇತುವೆಯಾಗಲೆಂದೇ 1953ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಹುಟ್ಟಿತ್ತು. ಅದರ ಮೂಲಕ ಮೈಸೂರಿಗೆ ಪರವಾನಗಿ ಸಿಕ್ಕಿತು. 1962ರ ಮೂರನೇ ಮಹಾಚುನಾವಣೆಯಿಂದ ದೇಶದ ಬೆರಳುಗಳಿಗೆ ಮೈಸೂರಿನದೇ ಶಾಯಿ.

ಅದರೊಳಗೆ ಇರುವುದು ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಒಂದು ಲವಣ. ಚರ್ಮದ ಬೆವರಿನ ಉಪ್ಪಿಗೆ ತಾಗಿದೊಡನೆ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ನೀರಿಗೆ ಕರಗುವುದಿಲ್ಲ, ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಬುಡ್ಡಿಗೆ ಕಂದು ಬಣ್ಣ ಇರುವುದೂ ಈ ಬೆಳಕಿನ ಭಯಕ್ಕೇ. ಇಷ್ಟನ್ನು ಪಿಯುಸಿ ಹುಡುಗನೂ ಹೇಳಬಲ್ಲ. ಯಾವುದು ಎಷ್ಟು, ಜೊತೆಗೆ ಇನ್ನೇನು ಎಂಬುದು ಮಾತ್ರ ಹೊರಗೆ ಬಂದಿಲ್ಲ.

ನನ್ನ ಮನಸ್ಸು ನಿಲ್ಲುವುದು ಇಲ್ಲೇ. ಪೇಟೆಂಟ್ ಎಂದರೆ ಸರ್ಕಾರದೊಡನೆ ಒಂದು ಕರಾರು: ನಿನ್ನ ವಿದ್ಯೆಯನ್ನು ಬರೆದು ಎಲ್ಲರ ಮುಂದಿಡು, ಇಷ್ಟು ವರ್ಷ ಬೇರೆ ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆ. 1962ರಲ್ಲಿ ಜಾರಿಯಲ್ಲಿದ್ದ 1911ರ ಕಾಯ್ದೆಯಲ್ಲಿ ಆ ಅವಧಿ 16 ವರ್ಷ. ಆ ವರ್ಷ ಪಡೆದ ಪೇಟೆಂಟ್ ಯಾವುದೇ ಇರಲಿ, 1978ರ ಹೊತ್ತಿಗೆ ಮುಗಿದು ಊರವರ ಸ್ವತ್ತಾಗುತ್ತಿತ್ತು. ಗುಟ್ಟಿಗೆ ಅಂಥ ಗಡುವಿಲ್ಲ. ಈ ಶಾಯಿಯ ಗುಟ್ಟು 60 ವರ್ಷ ದಾಟಿದೆ. ಅದು ಬಯಲಾದರೆ ಕಂಪನಿಯ ಲಾಭಕ್ಕಿಂತ ದೊಡ್ಡದು ಹೋಗುತ್ತದೆ. ಸೂತ್ರ ತಿಳಿದವನು ಅಳಿಸುವ ಮದ್ದನ್ನೂ ಹುಡುಕಿಯಾನು.

ಮಾರುವವನೊಬ್ಬ, ದೇಶದೊಳಗೆ ದೊಡ್ಡ ಗಿರಾಕಿಯೂ ಚುನಾವಣಾ ಆಯೋಗವೊಂದೇ. ಖಾಸಗಿ ಕೈಯಲ್ಲಿದ್ದಿದ್ದರೆ ಬೆಲೆ ಎಲ್ಲಿಗೆ ಏರುತ್ತಿತ್ತೋ! 2024ರ ಲೋಕಸಭೆ ಚುನಾವಣೆಗೆ ಹೋದದ್ದು 26 ಲಕ್ಷಕ್ಕೂ ಹೆಚ್ಚು ಬುಡ್ಡಿ, ಮೊತ್ತ ಸುಮಾರು 55 ಕೋಟಿ ರೂಪಾಯಿ. ಮತ ಹಾಕಿದವರು 64 ಕೋಟಿ ಮಂದಿ. ಭಾಗಿಸಿ ನೋಡಿ, ತಲೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಒಬ್ಬ ಎರಡು ಸಲ ಮತ ಹಾಕದಂತೆ ತಡೆಯಲು ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ಅದರ ಲಾಭವನ್ನು ಕಂಪನಿಯ ಲೆಕ್ಕಪುಸ್ತಕದಲ್ಲಿ ಹುಡುಕಿದರೆ ಸಿಗದು.

ಗುಟ್ಟಿನಿಂದ ನಷ್ಟವೂ ಉಂಟು. ಪೇಟೆಂಟಿನ ಬರಹ ಓದಿ ಇನ್ನೊಬ್ಬ ಅದಕ್ಕಿಂತ ಒಳ್ಳೆಯದನ್ನು ಮಾಡಬಲ್ಲ. ಮುಚ್ಚಿಟ್ಟ ವಿದ್ಯೆ ಹೊರಗಿನವರ ಕೈಯಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಸುಧಾರಣೆಯ ಹೊಣೆಯೆಲ್ಲ ಒಳಗಿನವರದೇ. ನೇಪಾಳ, ಮಂಗೋಲಿಯಾ, ಘಾನಾ ಸೇರಿ 25ಕ್ಕೂ ಹೆಚ್ಚು ದೇಶಗಳಿಗೆ ಮೈಸೂರಿನ ಶಾಯಿ ಹೋಗಿದೆ. ಕಾಂಬೋಡಿಯಾದವರು ಬೆರಳನ್ನೇ ಶಾಯಿಗೆ ಅದ್ದುತ್ತಾರೆ, ನಮ್ಮಲ್ಲಿ ಕಡ್ಡಿಯಿಂದ ಎಳೆಯುತ್ತಾರೆ. ಅವರವರ ಪದ್ಧತಿಗೆ ತಕ್ಕಂತೆ ಬುಡ್ಡಿಯೂ ಬದಲಾಗಬೇಕು. ನಮ್ಮಲ್ಲೇ 2006ರಲ್ಲಿ ಉಗುರಿನ ಬುಡದ ಚುಕ್ಕೆ ಹೋಗಿ ಉಗುರಿನ ಮೇಲಿಂದ ಮೊದಲ ಗೆಣ್ಣಿನವರೆಗಿನ ಗೆರೆ ಬಂತು. ಆ ಒಂದು ಬದಲಾವಣೆಯಿಂದಲೇ ಶಾಯಿಯ ಬೇಡಿಕೆ ಏರಿತು. ನಿಯಮ ಇನ್ನೂ ಸೂಕ್ಷ್ಮವಾಗಿದೆ: ಎಡಗೈ ತೋರುಬೆರಳು ಇಲ್ಲದವರಿಗೆ ಆ ಕೈಯ ಬೇರೆ ಬೆರಳು, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈ, ಎರಡೂ ಕೈಯಲ್ಲಿ ಬೆರಳಿಲ್ಲದವರಿಗೆ ಮೊಂಡುಗೈಯ ತುದಿ. ಯಾರನ್ನೂ ಬಿಟ್ಟಿಲ್ಲ.

ಅಮ್ಮನ ಚರ್ಮದ ಕಲೆ ಕೆಲವೇ ವಾರದಲ್ಲಿ ಹೋಯಿತು. ಉಗುರಿನದು ಹಟ ಹಿಡಿದು ಉಗುರಿನ ಜೊತೆಗೇ ನಿಧಾನ ಮೇಲೆ ಸರಿಯಿತು. ದಸರೆ ಹೊತ್ತಿಗೆ ತುದಿಯಲ್ಲಿ ಎಳ್ಳಷ್ಟು ಕಪ್ಪು ಉಳಿದಿತ್ತು, ಉಗುರು ಕತ್ತರಿಸಿದಾಗ ಅದೂ ಹೋಯಿತು. ಅಷ್ಟರಲ್ಲಿ ಬೇರೆ ಬೆರಳುಗಳ ಸರದಿ ಬಂದಿತ್ತು: ನವೆಂಬರಿನಲ್ಲಿ ಮಹಾರಾಷ್ಟ್ರ, ಜಾರ್ಖಂಡ್‌ಗಳಲ್ಲಿ ಮತದಾನವಿತ್ತು.