ಹೊಗೆ ಹುಟ್ಟುವುದು ವಾರ್ಡಿನಲ್ಲಿ

1927ರಿಂದ ಮುಂಬೈಯ ಕಸವನ್ನು ಹೊತ್ತುಕೊಂಡಿರುವ ದೇವನಾರ್ ಡಂಪಿಂಗ್ ಮೈದಾನ ಇರುವ ಗೋವಂಡಿಯಲ್ಲೇ 2009ರಲ್ಲಿ ಇನ್ನೊಂದು ಬಗೆಯ ಕಸಕ್ಕೂ ಜಾಗ ಮಾಡಲಾಯಿತು. ಅಲ್ಲಿ ಶುರುವಾದ ಎಸ್‌ಎಂಎಸ್ ಎನ್ವೊಕ್ಲೀನ್ ಕಂಪನಿಯ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ದೊಡ್ಡ ಆಸ್ಪತ್ರೆಗಳಿಂದ ಹಿಡಿದು ಗಲ್ಲಿಯ ನರ್ಸಿಂಗ್ ಹೋಮು, ರಕ್ತ ಪರೀಕ್ಷೆಯ ಲ್ಯಾಬುಗಳವರೆಗೆ ನಗರದ ಉದ್ದಗಲದಿಂದ ವೈದ್ಯಕೀಯ ತ್ಯಾಜ್ಯ ಬಂತು. ಅದನ್ನು ಸುಡುವ ಕುಲುಮೆಯ ಹೊಗೆ ಮಾತ್ರ ಗೋವಂಡಿಯ ಬಡವರ ಪಾಲಿಗೆ. ಅಲ್ಲಿನ ನಿವಾಸಿಗಳು ಕೋರ್ಟಿನ ಮೆಟ್ಟಿಲೇರಿದರು. 2023ರಲ್ಲಿ ಬಾಂಬೆ ಹೈಕೋರ್ಟ್ ಘಟಕವನ್ನು ರಾಯಗಡ ಜಿಲ್ಲೆಯ ಖಾಲಾಪುರ ಕಡೆಗೆ ಸಾಗಿಸಲು ಎರಡು ವರ್ಷಗಳ ಗಡುವು ಕೊಟ್ಟಿತು. ನ್ಯಾಯವಾದ ಆದೇಶ. ಆದರೆ ಚಿಮಣಿಯ ವಿಳಾಸ ಬದಲಾದ ಮಾತ್ರಕ್ಕೆ ಹೊಗೆ ಕಡಿಮೆಯಾಗದು. ಎಷ್ಟು ಸುಡಬೇಕು ಎನ್ನುವುದು ತೀರ್ಮಾನವಾಗುವುದು ರೋಗಿಯ ಮಂಚದ ಪಕ್ಕ, ನರ್ಸ್ ಅಥವಾ ಆಯಾ ಯಾವ ಬಣ್ಣದ ಚೀಲಕ್ಕೆ ಏನು ಹಾಕಿದರು ಎಂಬುದರಲ್ಲಿ.

ಆಸ್ಪತ್ರೆಯ ಕಸವೆಂದರೆ ಸುಡಬೇಕಾದದ್ದೇ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಿಗೆ ದಹನ ಕುಲುಮೆ ಅಥವಾ ಅದಕ್ಕೆ ಸಮನಾದ ವ್ಯವಸ್ಥೆ ಬೇಕೆಂದಿತ್ತು. ಪಿವಿಸಿ ನಳಿಕೆ, ರಕ್ತದ ಚೀಲಗಳು ಸರಿಯಾಗಿ ಸುಡದಿದ್ದರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ ಎಂಬ ಅರಿವು ಬೆಳೆದಂತೆ ನಿಯಮಗಳೂ ಬದಲಾದವು. 1998ರ ವೈದ್ಯಕೀಯ ತ್ಯಾಜ್ಯ ನಿಯಮಗಳ ಜಾಗಕ್ಕೆ ಬಂದ 2016ರ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ಅಂಗಾಂಶ, ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಅವಧಿ ಮುಗಿದ ಔಷಧಿ, ಇವು ಕುಲುಮೆಗೆ. ಕೆಂಪು ಚೀಲಕ್ಕೆ ಡ್ರಿಪ್ ನಳಿಕೆ, ಸೂಜಿಯಿಲ್ಲದ ಸಿರಿಂಜು, ಕೈಗವಸು, ಮೂತ್ರದ ಚೀಲ. ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ ಡಬ್ಬಿ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಆಟೊಕ್ಲೇವಿನಲ್ಲಿ ಒತ್ತಡದ ಹಬೆಗೆ ಒಡ್ಡಿ ಸೋಂಕು ಕಳೆದು, ಚೂರು ಮಾಡಿ, ಅಧಿಕೃತ ಮರುಬಳಕೆದಾರರಿಗೆ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆಸ್ಪತ್ರೆಯ ಕಸದಲ್ಲಿ ಶೇ 85ರಷ್ಟು ಅಪಾಯವಿಲ್ಲದ್ದು: ಊಟದ ಎಂಜಲು, ಕಾಗದ, ರಟ್ಟು. ಈ ಭಾಗ ಉಳಿದ ಶೇ 15ರ ಜೊತೆ ಬೆರೆತುಬಿಟ್ಟರೆ ಎಲ್ಲವನ್ನೂ ಸೋಂಕಿನ ಕಸವೆಂದೇ ನೋಡಬೇಕಾಗುತ್ತದೆ. ಬಾಳೆಹಣ್ಣಿನ ಸಿಪ್ಪೆಗೂ ಆಗ ಕುಲುಮೆಯೇ ಗತಿ.

ಮರುಬಳಕೆ ಎಂದೊಡನೆ ವೈದ್ಯರು ಅಂಜುವುದಕ್ಕೆ ಕಾರಣವಿದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳೇ ಮತ್ತೆ ಬಳಕೆಯಾಗಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಆ ಭಯವನ್ನು ತಳ್ಳಿಹಾಕಬಾರದು. ಆದರೆ ಅಲ್ಲಿ ಸಿರಿಂಜು ಸಿರಿಂಜಾಗಿಯೇ ಮರಳಿತ್ತು. ಈಗಿನ ಕ್ರಮದಲ್ಲಿ ಸೂಜಿ ಬೇರೆಯಾಗಿ, ಪ್ಲಾಸ್ಟಿಕ್ ಚೂರಾಗಿ ಹೋಗುವುದರಿಂದ ಅದು ಮತ್ತೆ ಯಾರ ತೋಳಿಗೂ ಚುಚ್ಚಲು ಬಾರದು. ಗುಜರಿಯವನ ಗೋಣಿಗೆ ಇಡೀ ಸಿರಿಂಜು ಸೇರುವುದು ವಿಂಗಡಣೆ ಸೋತ ಕಡೆ.

ಬಿಸಾಡುವ ವಸ್ತು ಹೆಚ್ಚಿದಷ್ಟೂ ರೋಗಿ ಕ್ಷೇಮ ಎಂಬ ಇನ್ನೊಂದು ವಾದವನ್ನು ನಾನು ಒಪ್ಪುವುದಿಲ್ಲ. ಸೂಜಿ, ಕ್ಯಾಥಿಟರ್ ವಿಷಯದಲ್ಲಿ ಅದು ನಿಜ. ಆದರೆ ಸ್ಟೀಲ್ ಟ್ರೇ, ಬಟ್ಟೆಯ ಗೌನುಗಳನ್ನು ಆಸ್ಪತ್ರೆಗಳು ದಶಕಗಳಿಂದ ಹಬೆಯಲ್ಲಿ ಶುದ್ಧಮಾಡಿ ಬಳಸುತ್ತ ಬಂದಿವೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ ಅನಗತ್ಯವಾಗಿ ಕೈಗವಸು ತೊಡುವುದನ್ನು ಬಿಡಿಸಿ, ಕೈ ತೊಳೆಯುವುದಕ್ಕೆ ಒತ್ತುಕೊಟ್ಟು, ಒಂದು ವರ್ಷದಲ್ಲಿ 21 ಟನ್ ಪ್ಲಾಸ್ಟಿಕ್ ಉಳಿಸಿತು. ಕಿಕ್ಕಿರಿದ ವಾರ್ಡಿನಲ್ಲಿ ನರ್ಸಿಗೆ ಈ ವಿಂಗಡಣೆಯೂ ಒಂದು ಹೊರೆಯಲ್ಲವೇ ಎಂದರೆ, ಹೌದು. ಅದಕ್ಕೇ ನಾಲ್ಕು ಬಣ್ಣದ ಡಬ್ಬಿಗಳು ಆಕೆಯ ಕೈಗೆಟುಕುವ ಟ್ರಾಲಿಯಲ್ಲೇ ಇರಬೇಕು, ತರಬೇತಿ ಆಯಾ, ವಾರ್ಡ್‌ಬಾಯ್‌ಗಳಿಗೂ ಅವರದೇ ಭಾಷೆಯಲ್ಲಿ ಸಿಗಬೇಕು. ಕಸ ಬೆರೆತರೆ ಸೂಜಿ ಚುಚ್ಚುವುದು ಮೊದಲು ಅವರ ಕೈಗೇ.

ರೋಗಿಯನ್ನು ನೋಡಲು ಹೋಗುವ ನಮ್ಮ ಪಾಲೂ ಇದರಲ್ಲಿದೆ. ತಿಂಡಿಯ ಪೊಟ್ಟಣ, ಎಳನೀರಿನ ಸ್ಟ್ರಾ, ಹಣ್ಣಿನ ಸಿಪ್ಪೆಯನ್ನು ದಯವಿಟ್ಟು ಹಳದಿ ಡಬ್ಬಿಗೆ ಹಾಕಬೇಡಿ. ಮಾಮೂಲಿ ಕಸದ ಡಬ್ಬಿ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ, ಅಲ್ಲಿಗೇ ಹಾಕಿ.