ಹರಿವಿನ ಬೆನ್ನೇರಿದ ರಾಗಿ ಉಂಡೆ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರದ ಸೀಮೆಗೆ ಬರುವ ಪೆನ್ನೆಯಲ್ಲಿ ವರ್ಷದ ಹೆಚ್ಚು ದಿನ ಕಾಣುವುದು ಮರಳು. ದೇವರಾಯನದುರ್ಗದಿಂದ ಇಳಿದು ಅದನ್ನು ಸೇರುವ ಜಯಮಂಗಲಿಯದೂ ಅದೇ ಪಾಡು. ಕಲ್ಯಾಣದುರ್ಗದ ಕಡೆ ವೇದಾವತಿಗೆ ಭೈರವಾನಿತಿಪ್ಪ ಅಣೆಕಟ್ಟು ಇದೆ. ಅದಕ್ಕೂ ಮೇಲಿರುವ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೀಗಾಗಿ ಲೇಪಾಕ್ಷಿ ಸುತ್ತಿನವರಿಗೆ ಮೀನು ಎಂದರೆ ಕೆರೆಯ ಮೀನು: ಮರಿ ತಂದು ಬಿಟ್ಟ ಕಟ್ಲ, ರೋಹು. ನಿಂತ ನೀರಿಗೆ ಬಲೆ ಸಾಕು. ಹರಿಯುವ ನೀರಿನಲ್ಲಿ, ಹರಿವನ್ನೇ ಆಳಾಗಿ ಮಾಡಿಕೊಂಡು ಮೀನು ಹಿಡಿಯುವ ವಿದ್ಯೆ ನಮ್ಮ ಬಯಲುಸೀಮೆಯ ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳಲ್ಲಿ ಸಾಲ್ಮನ್ ಹಿಡಿಯುವವರು ಈ ವಿದ್ಯೆಯನ್ನು ಬಹಳ ಬೆಳೆಸಿದ್ದಾರೆ. ಗಾಳಕ್ಕೆ ಮೀನಿನ ಮೊಟ್ಟೆಯ ಗೊಂಚಲು ಕಟ್ಟಿ, ಸ್ವಲ್ಪ ಮೇಲೆ ಸೀಸದ ತುಂಡು ಸಿಕ್ಕಿಸಿ, ಹರಿವಿಗೆ ಅಡ್ಡಲಾಗಿ ಸ್ವಲ್ಪ ಮೇಲ್ಮುಖವಾಗಿ ಎಸೆಯುತ್ತಾರೆ. ಆಮೇಲೆ ಎಳೆಯುವುದಿಲ್ಲ. ನೀರು ಒಯ್ದಂತೆ ಎರೆ ಹೋಗಬೇಕು. ನದಿ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ಮೇಲ್ಪದರ ಓಡುತ್ತದೆ, ತಳದಲ್ಲಿ ಕಲ್ಲುಗಳಿಗೆ ಉಜ್ಜುವ ನೀರು ನಿಧಾನ. ಮೀನು ಇರುವುದು ಆ ನಿಧಾನದ ಪದರದಲ್ಲಿ. ಸೀಸ ಹಗುರವಾದರೆ ಎರೆ ಮೀನಿನ ತಲೆಯ ಮೇಲೆಯೇ ಸಾಗಿ ಹೋಗುತ್ತದೆ, ಭಾರವಾದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತೂಕ ಸರಿಯಾಗಿದ್ದರೆ ಸೀಸ ಆಗಾಗ ಕಲ್ಲಿಗೆ ತಾಗುತ್ತ, ಎದ್ದು, ಮುಂದೆ ಹೋಗಿ ಮತ್ತೆ ತಾಗುತ್ತದೆ. ಆ ತಾಗುವಿಕೆ ಕೋಲಿನ ಮೂಲಕ ಬೆರಳಿಗೆ ಬರುತ್ತಿರುತ್ತದೆ. ಅದು ಒಮ್ಮೆಲೇ ನಿಂತಿತು ಅಂದರೆ ಕಲ್ಲು, ಇಲ್ಲವೇ ಮೀನು. ಸಮುದ್ರದಿಂದ ನದಿಗೆ ಏರಿದ ಸಾಲ್ಮನ್ ಊಟ ಬಿಟ್ಟಿರುತ್ತದೆ. ಹಾಗಿದ್ದೂ ಎದುರಿಗೆ ಸಹಜವಾಗಿ ತೇಲಿ ಬಂದದ್ದಕ್ಕೆ ಬಾಯಿ ಹಾಕುತ್ತದೆ. ಆ ಸಹಜತೆಯನ್ನು ತರುವುದೇ ಹಿಡಿಯುವವನ ಕೈಚಳಕ.

ನಮ್ಮ ನಾಡಿನ ನದಿಗಳಲ್ಲಿ ಸಾಲ್ಮನ್ ಇಲ್ಲ. ಅದರ ಜಾಗದಲ್ಲಿ ಮಹಶೀರ್ ಇದೆ. ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದಾಗ, ಗಾಳದ ತುದಿಯಲ್ಲಿ ಜಗ್ಗಾಡುವುದರಲ್ಲಿ ಮಹಶೀರ್ ಸಾಲ್ಮನ್‌ಗಿಂತ ಮಿಗಿಲು ಎಂದೇ ವಾದಿಸಿದ. ಕಾವೇರಿಯ ಗೂನುಬೆನ್ನಿನ ಮಹಶೀರ್, ನದಿಯ ಜನ ಬಿಳಿಮೀನು ಎನ್ನುವ ತಳಿ, ಎಲ್ಲಕ್ಕಿಂತ ದೊಡ್ಡದು. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೊ. ಇದು ಕಟ್ಲ, ರೋಹುಗಳ ಗೆಂಡೆ ಕುಲಕ್ಕೇ ಸೇರಿದ ಮೀನು. ಸಮುದ್ರದ ಹಂಗಿಲ್ಲ, ಮಳೆಗಾಲದಲ್ಲಿ ನದಿಯೊಳಗೇ ಮೇಲಕ್ಕೆ ಏರಿ ಮೊಟ್ಟೆ ಇಡುತ್ತದೆ. ದವಡೆಯಲ್ಲಿ ಹಲ್ಲಿಲ್ಲ. ಗಂಟಲೊಳಗಿನ ಹಲ್ಲುಗಳಿಂದ ಬಸವನಹುಳುವಿನ ಚಿಪ್ಪು, ಏಡಿ ಎಲ್ಲವನ್ನೂ ಅರೆಯುತ್ತದೆ. ಗಾಳದ ಕೊಕ್ಕೆಯನ್ನು ಜಜ್ಜಿ ಹಾಕುವುದೂ ಆ ಹಲ್ಲುಗಳೇ.

ಶಿವನಸಮುದ್ರದಿಂದ ಮೇಕೆದಾಟಿನವರೆಗೆ, ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆಗಳ ಮಡುಗಳಲ್ಲಿ ಈ ಮೀನಿಗೆ ಎರೆ ಯಾವುದಾಗಿತ್ತು ಗೊತ್ತೇ? ರಾಗಿ. ನಮ್ಮ ಕೆಂಪು ಹೊಲಗಳಲ್ಲಿ ಮಳೆ ನಂಬಿ ಬೆಳೆಯುವ ರಾಗಿಯೇ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮತ್ತೆ ನಾದುತ್ತಿದ್ದರು. ವಾಸನೆಗೆ ಮಸಾಲೆ ಬೆರೆಸುವವರೂ ಇದ್ದರು. ಊಟದ ಮುದ್ದೆ ಮೆತ್ತಗಿರಬೇಕು, ಗಾಳದ ಉಂಡೆ ಹಾಗಲ್ಲ. ಮೆತ್ತಗಿದ್ದರೆ ಎಸೆದ ರಭಸಕ್ಕೇ ಬಿದ್ದುಹೋಗುತ್ತದೆ, ಇಲ್ಲವೇ ಚಿಳ್ಳೆ ಮೀನುಗಳು ಕಿತ್ತು ತಿನ್ನುತ್ತವೆ. ಸೀಸದೊಡನೆ ಅದನ್ನು ಹರಿವಿಗೆ ಬಿಟ್ಟರೆ ತಳದಲ್ಲಿ ಉರುಳುತ್ತ ಹೋಗಿ ಬಂಡೆಗಳ ಸಂದಿನಲ್ಲಿ ನಿಲ್ಲುತ್ತದೆ. ಪೂರ್ತಿ ತೇಲುಗಾಳ ಎನ್ನಲಾಗದು, ಪೂರ್ತಿ ನಿಲುಗಾಳವೂ ಅಲ್ಲ. ಎಲ್ಲಿ ನಿಲ್ಲಬೇಕು ಎಂಬುದನ್ನು ನದಿ ತೀರ್ಮಾನಿಸುತ್ತದೆ, ನದಿ ಏನು ಮಾಡುತ್ತದೆ ಎಂಬುದನ್ನು ತೆಪ್ಪದವನು ಮೊದಲೇ ಬಲ್ಲ. ಬಿದಿರು ಹೆಣೆದ ಆ ದುಂಡು ತೆಪ್ಪಕ್ಕೆ ಮುಂದಿಲ್ಲ ಹಿಂದಿಲ್ಲ, ಒಂದೇ ಹುಟ್ಟು. ದೊಡ್ಡ ಮೀನು ಗಾಳ ನುಂಗಿ ಹರಿವಿನ ಜೊತೆ ಓಡಿದರೆ ತೆಪ್ಪವೂ ಅದರ ಹಿಂದೆ ಓಡಬೇಕು. ಸುಳಿ ಯಾವುದು, ಬಂಡೆ ಯಾವುದು, ನೂಲು ಎಲ್ಲಿ ಕತ್ತರಿಸುತ್ತದೆ, ಇದೆಲ್ಲ ತಲೆಮಾರುಗಳಿಂದ ಬಂದ ಅರಿವು. ಪರದೇಶದಿಂದ ಬಂದವರು ತಂದದ್ದು ಕೋಲು ಮತ್ತು ರಾಟೆ ಅಷ್ಟೆ.

ಈ ಆಟ ಇಂಗ್ಲಿಷರಿಂದ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ ಸುಮಾರು 1130ರ ಹೊತ್ತಿಗೇ, ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಸುಮಾರು 35 ಬಗೆಯ ಮೀನುಗಳು, ಯಾವ ಮೀನಿಗೆ ಯಾವ ಆಹಾರ, ಗಾಳದಲ್ಲಿ ಹಿಡಿಯುವ ಬಗೆ ಎಲ್ಲ ಅಲ್ಲಿ ದಾಖಲಾಗಿವೆ. ಮಡಕಶಿರದ ಬಳಿಯ ಹೇಮಾವತಿಯಿಂದ ಆಳಿದ ನೊಳಂಬರ ಸೀಮೆ ಆಗ ಆ ಚಾಲುಕ್ಯರ ಆಳ್ವಿಕೆಗೇ ಸೇರಿತ್ತು. ನಮ್ಮ ನೆಲವನ್ನಾಳಿದ ದೊರೆಯೊಬ್ಬ ಗಾಳವನ್ನು ಶಾಸ್ತ್ರವಾಗಿ ಬರೆದಿಟ್ಟ ಎಂಬುದು ನನಗೆ ಹೆಮ್ಮೆಯ ಸಂಗತಿ.

ಸ್ವಾತಂತ್ರ್ಯದ ನಂತರ ಬಿಳಿಮೀನನ್ನು ಹೊರಜಗತ್ತು ಬಹುತೇಕ ಮರೆತೇ ಬಿಟ್ಟಿತ್ತು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಕೆಲವು ಹುಡುಗರು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದ ಮೇಲೆ ಮತ್ತೆ ಹೆಸರಾಯಿತು. 1972ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಪಾತ್ರವನ್ನು ಕಾಯುತ್ತಿತ್ತು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರಗಳೂ ಬಂದವು. ನಿಯಮ ಒಂದೇ: ಹಿಡಿ, ತೂಗು, ಬಿಡು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದ ಕೆಲವರೇ ಸಂಬಳದ ದಾರಿತೋರುಗರಾದರು. ಮಡು ಕಾಯುವುದು ಅವರ ಹೊಟ್ಟೆಪಾಡಾಯಿತು. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳು ಇದು.

ಹಿಡಿದ ಪ್ರತಿ ಮೀನನ್ನೂ ಬರೆದಿಡುತ್ತಿದ್ದ ಗಾಳಿಬೋರೆಯ ಪುಸ್ತಕಗಳು ಇನ್ನೊಂದು ಉಪಕಾರ ಮಾಡಿದವು. 1998ರಿಂದ 2012ರವರೆಗಿನ 6,000ಕ್ಕೂ ಹೆಚ್ಚು ಮೀನುಗಳ ಆ ಲೆಕ್ಕವನ್ನು ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು 2015ರಲ್ಲಿ ಬಿಡಿಸಿ ನೋಡಿದಾಗ, ಮೀನಿನ ಸಂಖ್ಯೆ ಏರಿದ್ದು ಕಂಡಿತು. ಆದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಲೋಣಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ಈ ಹೊರತಳಿಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡಲಾಗಿತ್ತು. ಅದು ಹೆಚ್ಚಿದಂತೆ ಬಿಳಿಮೀನು ಕುಸಿದಿತ್ತು. ಬಿಳಿಮೀನಿಗೆ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೂ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ‘ತೀವ್ರ ಅಪಾಯದ ಅಂಚಿನಲ್ಲಿ’ ಎಂಬ ಪಟ್ಟಿಗೂ ಸೇರಿತು. ಹೆಸರಿಲ್ಲದ ಮೀನಿಗೆ ರಕ್ಷಣೆ ಕೊಡಿಸುವುದು ಅಷ್ಟು ವರ್ಷ ಯಾರಿಂದಲೂ ಆಗಿರಲಿಲ್ಲ.

ಅಷ್ಟರಲ್ಲಿ, ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ಬೇಟೆಗೆ ಸಮ ಎಂದು ಕಾನೂನಿನ ಅರ್ಥ ಮಾಡಿ, 2012ರ ಹೊತ್ತಿಗೆ ಈ ಆಟವನ್ನು ನಿಲ್ಲಿಸಿಯಾಗಿತ್ತು. ಅರಣ್ಯದ ಕಾನೂನಿನ ಮೇಲೆ ನನಗೆ ಗೌರವವಿದೆ. ಆನೆ, ನೀರುನಾಯಿಗಳಿಗೆ ಅದರಿಂದ ನೆಮ್ಮದಿ ಸಿಕ್ಕಿರಬಹುದು. ಆದರೆ ನಿಷೇಧದೊಡನೆ ಲೆಕ್ಕ ಬರೆಯುವವರೂ, ಮಡು ಕಾಯುವವರೂ ನದಿಯಿಂದ ಹೊರಗಾದರು. ತೋಟೆ ಹಾಕುವವನಿಗೆ ನಿಷೇಧ ಹೊಸದಲ್ಲ, ಅವನು ಎಂದೂ ಅನುಮತಿ ಕೇಳಿರಲಿಲ್ಲ. ನದಿಬದಿಯ ಜನರಿಗೆ ಕಾವಲಿನ ಕೆಲಸವನ್ನಾದರೂ ಸಂಬಳ ಕೊಟ್ಟು ಉಳಿಸಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಈಗಿನ ತುರ್ತು ಬೇರೆ. ಬಿಳಿಮೀನು ತಮಿಳುನಾಡಿನ ಮೋಯಾರಿನಂಥ ಕೆಲವೇ ಉಪನದಿಗಳಲ್ಲಿ ಉಳಿದಿದೆ. ಕಾವೇರಿಗೆ ಮತ್ತೆ ಮರಿ ಬಿಡುವುದಾದರೆ ಆ ತಳಿಯವನ್ನೇ ಬಿಡಬೇಕು, ಸುಲಭಕ್ಕೆ ಸಿಗುವ ನೀಲಿ ರೆಕ್ಕೆಯವನ್ನು ಸುರಿಯುವುದು ನಿಲ್ಲಬೇಕು. ಅದಕ್ಕೆ ತಾಯಿಮೀನು ಬೇಕು. ಯಾವ ಮಡುವಿನಲ್ಲಿ, ಯಾವ ಹರಿವಿನಲ್ಲಿ, ಎಷ್ಟು ಭಾರದ ಸೀಸಕ್ಕೆ ಅದು ಸಿಗುತ್ತದೆ, ಗಾಯವಾಗದಂತೆ ಅದನ್ನು ಹೇಗೆ ಬಿಡಿಸಬೇಕು ಎಂದು ಕೈಯಿಂದಲೇ ಬಲ್ಲವರು ಆ ಹಳೆಯ ತೆಪ್ಪದವರು. ಅವರಿಗೆ ವಯಸ್ಸಾಗುತ್ತಿದೆ. ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ ಎರಡೂ ಸೇರಿ ಅವರನ್ನು ಈಗಲೇ ಕೆಲಸಕ್ಕೆ ಕರೆಯಬೇಕು.