ನಿಮಗಿದು ಗೊತ್ತೆ? ನಾರಿನ ಪುಡಿಯಲ್ಲಿ ನೀರುಂಟು, ಊಟವಿಲ್ಲ!

ತಮಿಳುನಾಡು ತೋಟಗಾರಿಕೆ ಇಲಾಖೆ 2013–14ರಲ್ಲಿ ಚೆನ್ನೈ, ಕೊಯಮತ್ತೂರಿನ ಜನರಿಗೆ ಸಬ್ಸಿಡಿ ದರದಲ್ಲಿ ಕೊಡತೊಡಗಿದ ತಾರಸಿ ತೋಟದ ಕಿಟ್‌ನಲ್ಲಿ ಮಣ್ಣಿನ ಬದಲು ಕೋಕೋಪೀಟ್ ಇಟ್ಟಿಗೆಗಳಿದ್ದವು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ಇದು. 5 ಕೆ.ಜಿ. ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರ್‌ನಷ್ಟು ಉಬ್ಬುತ್ತದೆ.

ಆದರೆ ಸಸಿಗೆ ಬೇಕಾದ ಸಾರ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೀಜದೆಲೆಯ ಬುತ್ತಿ ಮುಗಿಯುವ ತನಕ ಬರೀ ನೀರು ಸಾಕು. ನಿಜವಾದ ಎಲೆ ಮೂಡಿದ ಮೇಲೆ ನೀರಿನಲ್ಲಿ ಕರಗುವ ಗೊಬ್ಬರ ಕೊಡಬೇಕು, ಅದೂ ಪೊಟ್ಟಣದ ಮೇಲೆ ಬರೆದಿರುವುದರ ಕಾಲುಭಾಗ. ಇನ್ನೊಂದು ತರಲೆ ಇದೆ: ಈ ಪುಡಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಡುತ್ತದೆ. ಅದಕ್ಕೇ ಜಾಣ ನರ್ಸರಿಯವರು ಮೊದಲೇ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸುತ್ತಾರೆ. ಅಗ್ಗದ ಇಟ್ಟಿಗೆಗೆ ಈ ಉಪಚಾರ ಆಗಿರುವುದಿಲ್ಲ ಎಂದೇ ಎಣಿಸಿ.

ಚೆನ್ನೈ ಬಿಸಿಲಿಗೆ ಮೇಲ್ಪದರ ಬೇಗ ಒಣಗಿ ತಿಳಿಗಂದಾಗುತ್ತದೆ. ಅಡಿಯಲ್ಲಿ ಮಾತ್ರ ಒದ್ದೆ. ಬಣ್ಣ ನೋಡಿ ನೀರು ಹುಯ್ದರೆ ಕಾಂಡದ ಬುಡ ಕೊಳೆತು ಸಸಿ ಮಲಗುತ್ತದೆ. ಟ್ರೇ ಎತ್ತಿ ನೋಡಿ, ಹಗುರವಾಗಿದ್ದರಷ್ಟೇ ನೀರು. ಕರಾವಳಿ ಬಡಾವಣೆಗಳ ಉಪ್ಪು ಬೋರ್‌ವೆಲ್ ನೀರಿಗಿಂತ ಮಳೆನೀರು ಲೇಸು. ಬೋರ್‌ವೆಲ್ ನೀರೇ ಗತಿಯಾದರೆ, ಹುಯ್ಯುವಾಗ ಸ್ವಲ್ಪ ಅಡಿತೂತಿನಿಂದ ಹರಿದುಹೋಗಲಿ. ಉಪ್ಪೂ ಅದರೊಂದಿಗೆ ಹೋಗುತ್ತದೆ.